ಒಂದು ಮನೆ, 99 ಪಟ್ಟಿ: ದಾನಿಗಳ ಮಾಹಿತಿ ದಾರಿ ತಪ್ಪಿದ ಒಂದು ಪ್ರಕರಣ

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆಲಿವ್ ಕುಕ್ ಎಂಬ ಅಜ್ಜಿ ಇದ್ದರು. ಅವರು ಪಾಪಿ ಹೂ ಮಾರುತ್ತಿದ್ದರು. ಯುದ್ಧದಲ್ಲಿ ಮಡಿದವರ ನೆನಪಿಗೆ ಬ್ರಿಟನ್‌ನ ಜನ ನವೆಂಬರ್‌ನಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವ ಕೆಂಪು ಕಾಗದದ ಹೂ ಅದು. ಬಂದ ಹಣ ಮಾಜಿ ಸೈನಿಕರಿಗೂ ಅವರ ಮನೆಯವರಿಗೂ ಹೋಗುತ್ತದೆ. ಆಲಿವ್ 1938ರಲ್ಲಿ, 16ನೇ ವಯಸ್ಸಿಗೇ, ಈ ಕೆಲಸಕ್ಕೆ ನಿಂತರು. 1943ರಲ್ಲಿ ಅವರ ಗಂಡನೇ ಯುದ್ಧದಲ್ಲಿ ತೀರಿಕೊಂಡರು. ಆಮೇಲೂ ಅವರು ಹೂ ಮಾರುವುದನ್ನು ಬಿಡಲಿಲ್ಲ. ಒಟ್ಟು 76 ವರ್ಷ ಮಾರಿದರು.

ಇಂಥ ಮನಸ್ಸಿನವರು ಒಂದೇ ಕಡೆ ಕೊಟ್ಟು ಸುಮ್ಮನಿರುವುದಿಲ್ಲ, ಅಲ್ವಾ? ಆಲಿವ್ ಹಲವು ಸಂಸ್ಥೆಗಳಿಗೆ ಕೊಡುತ್ತಿದ್ದರು. ಕೊಟ್ಟ ಹಾಗೆಲ್ಲ ಮನೆಗೆ ದೇಣಿಗೆ ಕೇಳುವ ಪತ್ರ ಬರುವುದು ಜಾಸ್ತಿ ಆಯಿತು. ಬಾಗಿಲ ಸಂದಿಯಿಂದ ದಿನಾ ಲಕೋಟೆಗಳು ಬೀಳುತ್ತಿದ್ದವು.

2015ರ ಮೇ ತಿಂಗಳಲ್ಲಿ, 92ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಪತ್ರಿಕೆಗಳು ಆ ಸಾವಿಗೂ ಈ ಪತ್ರಗಳಿಗೂ ನಂಟು ಹಾಕಿ ಬರೆದವು. ಮನೆಯವರು ಅದನ್ನು ಒಪ್ಪಲಿಲ್ಲ. ಪತ್ರಗಳಿಂದ ಅವರಿಗೆ ಕಿರಿಕಿರಿ ಆಗಿದ್ದು ನಿಜ, ಆದರೆ ಸಾವಿಗೆ ಸಂಸ್ಥೆಗಳು ಕಾರಣವಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ನಾನೂ ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ. ಅವರು ಬದುಕಿದ್ದಾಗ ಅವರ ಹೆಸರಿಗೆ ಏನಾಯಿತು ಅನ್ನುವುದಷ್ಟೇ ಈ ಬರಹದ ವಿಷಯ.

ನಾನೊಂದು ಸಣ್ಣ ಟ್ರಸ್ಟ್‌ನ ದಾನಿಗಳ ಪಟ್ಟಿ ನೋಡಿಕೊಳ್ಳುತ್ತೇನೆ. ಎಕ್ಸೆಲ್ ಹಾಳೆ ತೆರೆದು ಯಾರಿಗೆ ಪತ್ರ ಬರೆಯಬೇಕು ಎಂದು ಹೆಸರು ಆರಿಸುವಾಗ ಆ ಬ್ರಿಸ್ಟಲ್ ಮನೆ ನೆನಪಿಗೆ ಬರುತ್ತದೆ. ಅಲ್ಲಿ ನಡೆದದ್ದರಲ್ಲಿ ಕೆಟ್ಟ ಮನಸ್ಸಿನಿಂದ ಆದದ್ದು ಬಹಳ ಕಡಿಮೆ. ಹೆಚ್ಚಿನದು ನಾವೆಲ್ಲ ಒಳ್ಳೆಯ ಪದ್ಧತಿ ಎಂದುಕೊಂಡು ಮಾಡುವ ಕೆಲಸವೇ. ಅದಕ್ಕೇ ಇದನ್ನು ಬಿಡಿಸಿ ಬರೆಯಬೇಕು ಅನ್ನಿಸಿತು.

ಲೆಕ್ಕ ಹಾಕಿದಾಗ ಸಿಕ್ಕಿದ್ದು

ಆಗ ಬ್ರಿಟನ್‌ನಲ್ಲಿ ದೇಣಿಗೆ ಸಂಗ್ರಹದ ದೂರುಗಳನ್ನು ನೋಡುತ್ತಿದ್ದದ್ದು ಫಂಡ್‌ರೈಸಿಂಗ್ ಸ್ಟ್ಯಾಂಡರ್ಡ್ಸ್ ಬೋರ್ಡ್ ಎಂಬ ಸಂಸ್ಥೆ. ಅದು ವಿಚಾರಣೆ ಮಾಡಿ 2016ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟಿತು. 99 ಸಂಸ್ಥೆಗಳ ಪಟ್ಟಿಯಲ್ಲಿ ಆಲಿವ್ ಅವರ ಹೆಸರಿತ್ತು. ಒಂದು ವರ್ಷದಲ್ಲಿ ಅವರಿಗೆ ಬಂದ ಪತ್ರಗಳ ಅಂದಾಜು 466. ಆ 99ರಲ್ಲಿ 24 ಸಂಸ್ಥೆಗಳು ಅವರ ಹೆಸರು, ವಿಳಾಸವನ್ನು ಬೇರೆಯವರಿಗೆ ದಾಟಿಸಿದ್ದವು. ಅರ್ಧಕ್ಕಿಂತ ಜಾಸ್ತಿ ಸಂಸ್ಥೆಗಳು, ಇನ್ನು ಪತ್ರ ಬೇಡ ಎಂದು ಹೇಳಲು ಪತ್ರದಲ್ಲಿ ದಾರಿಯನ್ನೇ ಕೊಟ್ಟಿರಲಿಲ್ಲ.

466 ಅಂದರೆ ವಾರಕ್ಕೆ ಸುಮಾರು ಒಂಬತ್ತು. ಕೇಳಿದರೇ ಉಸಿರುಗಟ್ಟುತ್ತದೆ. ಆದರೆ ಅದೇ 466ನ್ನು 99ರಿಂದ ಭಾಗಿಸಿ ನೋಡಿ. ಸರಾಸರಿ ಐದಕ್ಕಿಂತ ಕಡಿಮೆ ಬರುತ್ತದೆ. ಒಂದು ಸಂಸ್ಥೆಯ ಲೆಕ್ಕದಲ್ಲಿ, ಒಬ್ಬ ಒಳ್ಳೆಯ ದಾನಿಗೆ ವರ್ಷಕ್ಕೆ ನಾಲ್ಕೈದು ಪತ್ರ. ಬೇಸಿಗೆಗೆ ಒಂದು, ಕ್ರಿಸ್‌ಮಸ್‌ಗೆ ಒಂದು, ಮಧ್ಯೆ ಒಂದು ತುರ್ತು ಮನವಿ, ಒಂದು ಸುದ್ದಿಪತ್ರ. ಇದರಲ್ಲಿ ಅತಿ ಅನ್ನುವಂಥದ್ದು ಏನಿದೆ? ಯಾವ ಟ್ರಸ್ಟಿಯೂ ಆ ಹಾಳೆ ನೋಡಿ ಹುಬ್ಬೇರಿಸುವುದಿಲ್ಲ.

ಈ ಪ್ರಕರಣದ ತಿರುಳು ನನಗೆ ಕಂಡದ್ದು ಅಲ್ಲೇ. 99 ಕಚೇರಿಗಳಲ್ಲಿ 99 ಹಾಳೆ ಇದ್ದವು. ಒಂದೊಂದು ಹಾಳೆಯೂ ತನ್ನ ಮಟ್ಟಿಗೆ ಸರಿಯಾಗಿಯೇ ಇತ್ತು. ಎಲ್ಲ ಹಾಳೆಗಳೂ ಕೂಡುವ ಜಾಗ ಒಂದೇ, ಆ ಮನೆಯ ಬಾಗಿಲು. ಅಲ್ಲಿ ಏನಾಗುತ್ತಿದೆ ಎಂದು ಯಾವ ಹಾಳೆಯಲ್ಲೂ ಒಂದು ಅಂಕಣ ಇರಲಿಲ್ಲ.

ಹೆಸರು ನಡೆದ ದಾರಿ

ಒಬ್ಬರ ಹೆಸರು 99 ಕಡೆ ಹೇಗೆ ಸೇರುತ್ತದೆ? ಆಗಿನ ಬ್ರಿಟನ್‌ನಲ್ಲಿ ಇದಕ್ಕೆ ಹಲವು ದಾರಿ ಇದ್ದವು.

ಮೊದಲನೆಯದು ಪಟ್ಟಿ ವಿನಿಮಯ. ನನ್ನ ಹತ್ತಿರ ಹಲವು ಸಾವಿರ ದಾನಿಗಳ ಹೆಸರಿದೆ, ನಿಮ್ಮ ಹತ್ತಿರ ಅಷ್ಟೇ ಇದೆ. ನೀವು ಪ್ರಾಣಿಗಳಿಗಾಗಿ ಕೆಲಸ ಮಾಡುವವರು, ನಾನು ಮಕ್ಕಳಿಗಾಗಿ. ಪಟ್ಟಿ ಬದಲಾಯಿಸಿಕೊಳ್ಳೋಣ. ಗೊತ್ತಿಲ್ಲದವರಿಗೆ ಪತ್ರ ಕಳಿಸಿದರೆ ನೂರರಲ್ಲಿ ಒಬ್ಬರು ಕೊಡುವುದೂ ಕಷ್ಟ. ಆಗಲೇ ಎಲ್ಲೋ ಕೊಟ್ಟು ಅಭ್ಯಾಸ ಇರುವವರಾದರೆ ಕೊಡುವವರ ಪ್ರಮಾಣ ಜಾಸ್ತಿ. ಹಾಗಾಗಿ ಕೊಟ್ಟವರ ಹೆಸರಿಗೇ ಬೆಲೆ. ಎರಡನೆಯದು ಪಟ್ಟಿ ಮಾರುವ ವ್ಯಾಪಾರಿಗಳು. ಸಮೀಕ್ಷೆ, ಬಹುಮಾನದ ಕೂಪನ್, ಅಂಚೆ ಮೂಲಕ ಸಾಮಾನು ತರಿಸಿದ ದಾಖಲೆ, ಇವುಗಳಿಂದೆಲ್ಲ ಹೆಸರು ಕಲೆಹಾಕಿ ಬಾಡಿಗೆಗೆ ಕೊಡುತ್ತಿದ್ದರು. ಫಾರ್ಮ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತಿತ್ತು. ನಿಮ್ಮ ಮಾಹಿತಿಯನ್ನು ಬೇರೆ ಸಂಸ್ಥೆಗಳೊಂದಿಗೆ ಹಂಚಿಕೊಳ್ಳುವುದು ಬೇಡವಾದರೆ ಇಲ್ಲಿ ಗುರುತು ಹಾಕಿ ಎಂದು. ಗುರುತು ಹಾಕದಿದ್ದರೆ ಒಪ್ಪಿಗೆ ಎಂದೇ ಅರ್ಥ. ಸಣ್ಣ ಅಕ್ಷರ ಓದಲು ಆಗದ ವಯಸ್ಸಿನವರ ಒಪ್ಪಿಗೆಯೂ ಹೀಗೆ ಸಿಕ್ಕಿಬಿಡುತ್ತಿತ್ತು.

ಪಟ್ಟಿಗೆ ಸೇರಿದ ಮೇಲೆ ಅಂಕ ಹಾಕುವ ಕೆಲಸ. ದೇಣಿಗೆ ಸಂಗ್ರಹದಲ್ಲಿ ಎಲ್ಲರೂ ಬಳಸುವ ಹಳೆಯ ಸೂತ್ರ ಒಂದಿದೆ. ದಾನಿ ಕೊನೆಯ ಸಲ ಕೊಟ್ಟು ಎಷ್ಟು ದಿನ ಆಯಿತು, ಎಷ್ಟು ಸಲ ಕೊಟ್ಟಿದ್ದಾರೆ, ಎಷ್ಟು ಮೊತ್ತ ಕೊಟ್ಟಿದ್ದಾರೆ. ಈ ಮೂರಕ್ಕೂ ಅಂಕ ಕೊಟ್ಟು ಕೂಡಿದರೆ, ಮುಂದಿನ ಸಲ ಯಾರು ಕೊಡಬಹುದು ಎಂದು ಚೆನ್ನಾಗಿಯೇ ಊಹಿಸಬಹುದು. ನಮ್ಮ ಬೀದಿಯ ಗಣೇಶನ ಹುಡುಗರಿಗೂ ಈ ಸೂತ್ರ ಗೊತ್ತು. ಚಂದಾ ಪುಸ್ತಕ ಹಿಡಿದು ಹೊರಟರೆ ಹೋದ ವರ್ಷ ಕೊಟ್ಟ ಮನೆಗೇ ಮೊದಲು ಹೋಗುತ್ತಾರೆ. ಕೇಳಿದ್ದಕ್ಕಿಂತ ಜಾಸ್ತಿ ಕೊಟ್ಟ ಮನೆಯ ಬಾಗಿಲನ್ನು ಬೆಳಗ್ಗೆಯೇ ತಟ್ಟುತ್ತಾರೆ.

ಆದರೆ ಹುಡುಗರಿಗೆ ಇನ್ನೊಂದು ವಿಷಯವೂ ಗೊತ್ತಿರುತ್ತದೆ. ಆ ಮನೆಯಲ್ಲಿ ಈ ವರ್ಷ ಸಾವಾಗಿದೆ, ಹಬ್ಬ ಇಲ್ಲ. ಆ ಮನೆಯ ಯಜಮಾನರಿಗೆ ಕೆಲಸ ಹೋಗಿದೆ. ಆ ಅಜ್ಜಿ ಒಬ್ಬರೇ ಇದ್ದಾರೆ, ಕೇಳಿದರೆ ಪಿಂಚಣಿಯಲ್ಲಿ ತೆಗೆದು ಕೊಟ್ಟುಬಿಡುತ್ತಾರೆ, ಅವರನ್ನು ಕೇಳುವುದು ಬೇಡ. ಬೀದಿಗೆ ಗೊತ್ತಿರುವ ಇಂಥ ಸಂಗತಿ ಸೂತ್ರಕ್ಕೆ ಗೊತ್ತಿರುವುದಿಲ್ಲ. ಸೂತ್ರಕ್ಕೆ ಗೊತ್ತಿರುವುದು ಮೂರೇ ಸಂಖ್ಯೆ.

ಆಲಿವ್ ಅವರ ವಿಷಯದಲ್ಲಿ ಆ ಸೂತ್ರ ಏನು ಮಾಡಿರಬಹುದು ಎಂದು ಯೋಚಿಸಿ. ಮನೆಗೆ ಪತ್ರ ಬರುತ್ತದೆ. ಅವರಿಗೆ ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ. ಸ್ವಲ್ಪ ಕೊಡುತ್ತಾರೆ. ಕೊಟ್ಟ ಕೂಡಲೇ ಕೊನೆಯ ದಿನಾಂಕ ಹೊಸದಾಗುತ್ತದೆ, ಎಷ್ಟು ಸಲ ಅನ್ನುವ ಸಂಖ್ಯೆ ಏರುತ್ತದೆ, ಅಂಕ ಮೇಲಕ್ಕೆ ಹೋಗುತ್ತದೆ. ಅಂಕ ಏರಿದ್ದಕ್ಕೆ ಇನ್ನೊಂದು ಪತ್ರ ಬರುತ್ತದೆ. ಅಂಕ ಜಾಸ್ತಿ ಇರುವ ಹೆಸರಿಗೆ ವಿನಿಮಯದಲ್ಲೂ ಬೆಲೆ ಜಾಸ್ತಿ, ಹಾಗಾಗಿ ಇನ್ನಷ್ಟು ಪಟ್ಟಿಗಳಿಗೆ ಹೆಸರು ಹೋಗುತ್ತದೆ. ಒತ್ತಡಕ್ಕೆ ಕೊಟ್ಟ ಐದು ಪೌಂಡ್ ಕೂಡ ಹಾಳೆಯಲ್ಲಿ ಪ್ರೀತಿಯಿಂದ ಕೊಟ್ಟ ಐದು ಪೌಂಡ್ ಹಾಗೆಯೇ ಕಾಣುತ್ತದೆ. ಕೊಟ್ಟದ್ದಕ್ಕೇ ಶಿಕ್ಷೆ ಆದ ಹಾಗೆ ಇದು. ಇಲ್ಲಿ ಸೂತ್ರ ಕೆಟ್ಟಿರಲಿಲ್ಲ. ಅದಕ್ಕೆ ಹೇಳಿಕೊಟ್ಟ ಕೆಲಸವನ್ನು ಅದು ಅಚ್ಚುಕಟ್ಟಾಗಿ ಮಾಡಿತು. ಇಲ್ಲ ಅನ್ನಲು ಆಗದವರನ್ನು ಹುಡುಕಿ ಹುಡುಕಿ ತೆಗೆಯಿತು.

ದಾನಿಗಳ ಮಾಹಿತಿಯ ಬಗ್ಗೆ ತರಬೇತಿ ಕೊಡುವವರು ಈ ಮೂರು ಸಂಖ್ಯೆಗಳ ಸೂತ್ರವನ್ನು ಮೊದಲ ದಿನವೇ ಹೇಳಿಕೊಡುತ್ತಾರೆ. ಹೇಳಿಕೊಡಲಿ, ಅದು ಬೇಕು. ಅದರ ಜೊತೆಗೆ ನಾಲ್ಕನೇ ಸಂಖ್ಯೆಯನ್ನೂ ಅದೇ ದಿನ ಕಲಿಸಬೇಕು ಎಂದು ನನ್ನ ಒತ್ತಾಯ. ಈ ವರ್ಷ ನಾವು ಇವರನ್ನು ಎಷ್ಟು ಸಲ ಕೇಳಿದ್ದೇವೆ? ಕೊಟ್ಟದ್ದನ್ನು ಬರೆದಿಡುವ ನಾವು ಕೇಳಿದ್ದನ್ನು ಬರೆದಿಡುವುದೇ ಇಲ್ಲ.

ಹಣವಂತರನ್ನು ಅಳೆದದ್ದು

ಇದರ ಹಿಂದೆಯೇ ಇನ್ನೊಂದು ವಿಷಯ ಹೊರಬಿತ್ತು. ಬ್ರಿಟನ್‌ನಲ್ಲಿ ಮಾಹಿತಿ ರಕ್ಷಣೆಯ ಕಾನೂನು ನೋಡಿಕೊಳ್ಳುವ ಇನ್‌ಫರ್ಮೇಷನ್ ಕಮಿಷನರ್ ಕಚೇರಿ 2016ರ ಡಿಸೆಂಬರ್‌ನಲ್ಲಿ ಎರಡು ದೊಡ್ಡ ಸಂಸ್ಥೆಗಳಿಗೆ ದಂಡ ಹಾಕಿತು. ಪ್ರಾಣಿದಯೆಯ ಸಂಸ್ಥೆ ಆರ್‌ಎಸ್‌ಪಿಸಿಎಗೆ 25,000 ಪೌಂಡ್, ಬ್ರಿಟಿಷ್ ಹಾರ್ಟ್ ಫೌಂಡೇಷನ್‌ಗೆ 18,000 ಪೌಂಡ್. 2017ರ ಏಪ್ರಿಲ್‌ನಲ್ಲಿ ಇನ್ನೂ 11 ಸಂಸ್ಥೆಗಳಿಗೆ 6,000ದಿಂದ 18,000 ಪೌಂಡ್‌ವರೆಗೆ ದಂಡ ಬಿತ್ತು.

ತಪ್ಪುಗಳು ಮೂರು ಬಗೆಯವು. ದಾನಿಗಳ ಪಟ್ಟಿಯನ್ನು ಹೊರಗಿನ ಕಂಪನಿಗೆ ಕೊಟ್ಟು ಯಾರ ಹತ್ತಿರ ಎಷ್ಟು ಆಸ್ತಿ ಇದೆ, ಯಾರು ಮುಂದೆ ಉಯಿಲಿನಲ್ಲಿ ಹಣ ಬರೆದಿಡಬಹುದು ಎಂದು ಅಳೆಸಿದ್ದು. ದಾನಿ ಕೊಡದೇ ಬಿಟ್ಟ ಫೋನ್ ನಂಬರನ್ನು ಬೇರೆ ಮೂಲದಿಂದ ಹುಡುಕಿ ತೆಗೆದದ್ದು. ಹೆಸರುಗಳನ್ನು ಬೇರೆ ಸಂಸ್ಥೆಗಳ ಜೊತೆ ಬದಲಾಯಿಸಿಕೊಂಡದ್ದು. ಎಲ್ಲ ಸಂಸ್ಥೆಗಳೂ ಮೂರನ್ನೂ ಮಾಡಿರಲಿಲ್ಲ. ಆದರೆ ಮಾಡಿದ್ದರ ಬಗ್ಗೆ ದಾನಿಗಳಿಗೆ ಸರಿಯಾಗಿ ಹೇಳಿರಲಿಲ್ಲ.

ಎರಡನೇ ತಪ್ಪಿನ ಮೇಲೆ ಒಂದು ಮಾತು ಹೇಳಲೇಬೇಕು. ಫಾರ್ಮ್‌ನಲ್ಲಿ ಫೋನ್ ನಂಬರಿನ ಜಾಗವನ್ನು ಖಾಲಿ ಬಿಟ್ಟವರು ಮರೆತು ಬಿಟ್ಟಿರುವುದಿಲ್ಲ. ಫೋನ್ ಮಾಡಬೇಡಿ ಎಂದು ಮರ್ಯಾದೆಯಿಂದ ಹೇಳಿರುತ್ತಾರೆ. ಆ ಖಾಲಿ ಜಾಗವೂ ಒಂದು ಮಾಹಿತಿ. ಅದನ್ನು ಹುಡುಕಿ ತುಂಬಿದರೆ, ದಾನಿ ಕೊಟ್ಟ ಉತ್ತರವನ್ನು ನಾವೇ ಅಳಿಸಿ ಹಾಕಿದಂತೆ. ನಮ್ಮ ಕಡೆ ಯುಪಿಐ ಮೂಲಕ ಹಣ ಬಂದಾಗ ಕಾಣುವ ನಂಬರನ್ನು ಸುಮ್ನೆ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸುವುದೂ ಇದೇ ಜಾತಿಯ ತಪ್ಪು.

ಆಗಿನ ಕಮಿಷನರ್ ಎಲಿಜಬೆತ್ ಡೆನ್‌ಹ್ಯಾಮ್ ದಂಡವನ್ನು ಬೇಕೆಂದೇ ತುಂಬ ಕಡಿಮೆ ಮಾಡಿದರು. ದಂಡದ ದುಡ್ಡೂ ಕೊನೆಗೆ ದಾನಿಗಳದ್ದೇ. ತಪ್ಪಿನಿಂದ ಬೇಸರಗೊಂಡ ದಾನಿಗಳಿಗೆ ಇನ್ನಷ್ಟು ನೋವು ಕೊಡುವುದು ಬೇಡ ಎಂಬುದು ಅವರ ಯೋಚನೆ. ನನಗೆ ಇದು ಸರಿ ಅನ್ನಿಸಿತು.

ಈ ನಡುವೆ ವ್ಯವಸ್ಥೆಯೂ ಬದಲಾಯಿತು. 2016ರ ಜುಲೈಯಲ್ಲಿ ಫಂಡ್‌ರೈಸಿಂಗ್ ರೆಗ್ಯುಲೇಟರ್ ಎಂಬ ಹೊಸ ಸಂಸ್ಥೆ ಬಂತು. ಮರುವರ್ಷ ಅದು ಒಂದು ಸೇವೆ ಶುರು ಮಾಡಿತು. ಯಾವ ಸಂಸ್ಥೆಯಿಂದ ಪತ್ರ, ಫೋನ್, ಸಂದೇಶ ಬೇಡವೋ ಅದನ್ನು ಅಲ್ಲಿ ತಿಳಿಸಿದರೆ ಆ ಸಂಸ್ಥೆ ನಿಲ್ಲಿಸಬೇಕು. ಮನೆಯ ಹಿರಿಯರ ಪರವಾಗಿ ಬೇರೆಯವರೂ ತಿಳಿಸಬಹುದು.

ದೋಣಿಯವರು ತೆಗೆದುಕೊಂಡ ತೀರ್ಮಾನ

ಆಲಿವ್ ಪ್ರಕರಣದ ಬಿಸಿ ಇದ್ದಾಗಲೇ, 2015ರ ಅಕ್ಟೋಬರ್‌ನಲ್ಲಿ, ಒಂದು ಸಂಸ್ಥೆ ಎಲ್ಲರಿಗಿಂತ ಮುಂದೆ ಹೋಯಿತು. ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್, ಅಂದರೆ ಆರ್‌ಎನ್‌ಎಲ್‌ಐ. 1824ರಲ್ಲಿ ಹುಟ್ಟಿದ ಸಂಸ್ಥೆ. ಬ್ರಿಟನ್ ಮತ್ತು ಐರ್ಲೆಂಡಿನ ಕಡಲಲ್ಲಿ ಸಿಕ್ಕಿಬಿದ್ದವರನ್ನು ದೋಣಿಯಲ್ಲಿ ಹೋಗಿ ಕಾಪಾಡುತ್ತದೆ. ದೋಣಿಯಲ್ಲಿ ಹೋಗುವವರಲ್ಲಿ ಬಹುಪಾಲು ಸ್ವಯಂಸೇವಕರು. ಹಣ ಬರುವುದು ಹೆಚ್ಚಾಗಿ ಜನರ ದೇಣಿಗೆಯಿಂದ. ಅದರಲ್ಲೂ ದೊಡ್ಡ ಪಾಲು ಉಯಿಲುಗಳಿಂದ.

ಅವರ ತೀರ್ಮಾನ ಹೀಗಿತ್ತು. 2017ರ ಜನವರಿಯಿಂದ, ಹೌದು, ನನಗೆ ಬರೆಯಿರಿ ಎಂದು ತಾವಾಗಿ ಹೇಳಿದವರಿಗೆ ಮಾತ್ರ ದೇಣಿಗೆಯ ಮನವಿ ಕಳಿಸುತ್ತೇವೆ. ಸುಮ್ಮನಿದ್ದವರ ಮೌನವನ್ನು ಒಪ್ಪಿಗೆ ಎಂದು ಲೆಕ್ಕ ಹಾಕುವುದಿಲ್ಲ. ಇದರಿಂದ ಐದು ವರ್ಷದಲ್ಲಿ ಸುಮಾರು 3.56 ಕೋಟಿ ಪೌಂಡ್ ಕಡಿಮೆಯಾಗಬಹುದು ಎಂದು ಅವರೇ ಲೆಕ್ಕ ಹಾಕಿ ಬಹಿರಂಗವಾಗಿ ಹೇಳಿದರು. ಆಗಿನ್ನೂ ಯುರೋಪಿನ ಹೊಸ ಮಾಹಿತಿ ರಕ್ಷಣಾ ಕಾನೂನು ಜಾರಿಗೆ ಬಂದಿರಲಿಲ್ಲ. ಅದು ಬಂದದ್ದು 2018ರ ಮೇ 25ರಂದು. ಕಾನೂನು ಹೇಳುವ ಮೊದಲೇ, ನಷ್ಟ ಗೊತ್ತಿದ್ದೇ ಇಟ್ಟ ಹೆಜ್ಜೆ ಇದು.

ಮುಂದೆ ಏನಾಯಿತು? ತಮ್ಮ ಬೆಂಬಲಿಗರಿಗೆಲ್ಲ ಬರೆದು, ಫೋನ್ ಮಾಡಿ, ನಾವು ಹೀಗೆ ಮಾಡುತ್ತಿದ್ದೇವೆ, ನಮ್ಮ ಜೊತೆ ಇರುತ್ತೀರಾ ಎಂದು ಕೇಳಿದರು. ನಿರೀಕ್ಷೆಗಿಂತ ಜಾಸ್ತಿ ಜನ, 4 ಲಕ್ಷಕ್ಕೂ ಹೆಚ್ಚು ಮಂದಿ, ಹೌದು ಅಂದರು. ಒಪ್ಪಿದವರಿಗೆ ಮಾತ್ರ ಮನವಿ ಕಳಿಸಿದಾಗ, ಪತ್ರಕ್ಕೆ ಉತ್ತರ ಕೊಟ್ಟವರ ಪ್ರಮಾಣ ಹಿಂದಿಗಿಂತ ಬಹಳ ಏರಿತು.

ಈ ಏರಿಕೆಯನ್ನು ನೋಡಿ ಹಲವರು, ನೋಡಿ ಒಪ್ಪಿಗೆ ಕೇಳಿದರೆ ದೇಣಿಗೆ ಹೆಚ್ಚುತ್ತದೆ ಎಂದು ಬರೆದರು. ಇಲ್ಲಿ ಸ್ವಲ್ಪ ನಿಲ್ಲಬೇಕು. ಹೌದು ಎಂದು ತಾವಾಗಿ ಹೇಳುವವರು ಮೊದಲೇ ಹತ್ತಿರದವರು. ಅವರನ್ನಷ್ಟೇ ಉಳಿಸಿಕೊಂಡರೆ ಪ್ರಮಾಣ ಏರಲೇಬೇಕು. ಕ್ಲಾಸಿನಲ್ಲಿ ಚೆನ್ನಾಗಿ ಓದುವವರನ್ನು ಮಾತ್ರ ಪರೀಕ್ಷೆಗೆ ಕೂರಿಸಿದರೆ ಫಲಿತಾಂಶ ಏರುವ ಹಾಗೆ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಇದು ಅರ್ಥವಾಗಲೆಂದು ನಾನು ಹಾಕಿದ ಲೆಕ್ಕ, ಯಾವ ಸಂಸ್ಥೆಯದ್ದೂ ಅಲ್ಲ. 1,000 ಜನಕ್ಕೆ ಪತ್ರ ಕಳಿಸಿದರೆ 100 ಜನ ತಲಾ 500 ರೂಪಾಯಿ ಕೊಡುತ್ತಾರೆ ಎಂದುಕೊಳ್ಳಿ. ಬಂದದ್ದು 50,000. ಒಂದು ಪತ್ರಕ್ಕೆ 20 ರೂಪಾಯಿ ಖರ್ಚಾದರೆ 20,000 ಹೋಗಿ 30,000 ಉಳಿಯಿತು. ಈಗ ಒಪ್ಪಿದ 300 ಜನಕ್ಕೆ ಮಾತ್ರ ಕಳಿಸುತ್ತೀರಿ, 75 ಜನ ಕೊಡುತ್ತಾರೆ. ಪ್ರಮಾಣ ನೂರಕ್ಕೆ 10ರಿಂದ 25ಕ್ಕೆ ಏರಿತು. ಬಂದದ್ದು 37,500, ಖರ್ಚು 6,000, ಉಳಿದದ್ದು 31,500. ಕೈಗೆ ಬಂದದ್ದು ಹೆಚ್ಚುಕಡಿಮೆ ಅಷ್ಟೇ. ಆದರೆ 25 ದಾನಿಗಳು ಕಳೆದುಹೋದರು. ಅವರು ನಾಳೆ ಹಿಂದಿರುಗುತ್ತಾರೋ ಇಲ್ಲವೋ ಗೊತ್ತಿಲ್ಲ. ಇನ್ನೊಂದು ಕಡೆ, ಕೊಡದೆ ಕಿರಿಕಿರಿಪಟ್ಟ ಸುಮಾರು 700 ಮನೆಗಳಿಗೆ ನೆಮ್ಮದಿ ಸಿಕ್ಕಿತು.

ಈಗ ಅದೇ ಲೆಕ್ಕದಲ್ಲಿ ಪತ್ರದ ಖರ್ಚನ್ನು ಸೊನ್ನೆ ಮಾಡಿ ನೋಡಿ. 1,000 ಜನಕ್ಕೆ ಕಳಿಸಿದರೆ 50,000, 300 ಜನಕ್ಕೆ ಕಳಿಸಿದರೆ 37,500. ಎಲ್ಲರಿಗೂ ಕಳಿಸು ಎಂದು ಲೆಕ್ಕವೇ ಹೇಳುತ್ತದೆ. ನಮ್ಮ ವಾಟ್ಸ್‌ಆ್ಯಪ್ ಮನವಿಗಳ ಸ್ಥಿತಿ ಇದು. ಬ್ರಿಟನ್‌ನಲ್ಲಿ ಅಂಚೆಯ ಖರ್ಚಾದರೂ ಒಂದು ಕಡಿವಾಣ ಹಾಕುತ್ತಿತ್ತು. ಹಾಗಿದ್ದೂ 466 ಪತ್ರ ಬಂದವು. ನಮ್ಮಲ್ಲಿ ಕಳಿಸುವವರಿಗೆ ಖರ್ಚೇ ಇಲ್ಲ. ಖರ್ಚೆಲ್ಲ ಓದುವವರ ತಲೆಯ ಮೇಲೆ, ಅವರ ಸಮಯದಲ್ಲಿ, ಅವರ ತಾಳ್ಮೆಯಲ್ಲಿ.

ಆರ್‌ಎನ್‌ಎಲ್‌ಐ ಕಥೆ ಸುಖವಾಗಿ ಮುಗಿಯಿತು ಎಂದು ಹೇಳಲಾರೆ. 2018ರಲ್ಲಿ ಅವರಿಗೆ 63 ಲಕ್ಷ ಪೌಂಡ್ ಕೊರತೆ ಬಿತ್ತು. 2019ರಲ್ಲಿ 135 ಹುದ್ದೆ ಕಡಿತ ಮಾಡುವುದಾಗಿ ಹೇಳಿದರು. ಉಯಿಲಿನಿಂದ ಬರುವ ಹಣ ಇಳಿದದ್ದು, ಕಾಪಾಡುವ ಕೆಲಸದ ಹೊರೆ ಏರಿದ್ದು ಮುಖ್ಯ ಕಾರಣಗಳು. ಒಪ್ಪಿಗೆಯ ತೀರ್ಮಾನದ ಪಾಲು ಇದರಲ್ಲಿ ಎಷ್ಟು ಎಂದು ಬೇರೆ ಮಾಡಿ ಅಳೆಯುವುದು ಸುಲಭವಲ್ಲ. ಕೆಲಸ ಕಳೆದುಕೊಂಡವರಿಗೆ ಈ ಚರ್ಚೆಯಿಂದ ಏನೂ ಸಿಗುವುದಿಲ್ಲ ಅನ್ನುವುದೂ ನನಗೆ ಗೊತ್ತು.

ಮತ್ತೆ 2021ರ ಜುಲೈ ಬಂತು. ಇಂಗ್ಲಿಷ್ ಕಾಲುವೆಯಲ್ಲಿ ಸಣ್ಣ ದೋಣಿಗಳಲ್ಲಿ ಬರುವ ವಲಸಿಗರನ್ನು ಕಾಪಾಡುತ್ತಾರೆ ಎಂದು ಆರ್‌ಎನ್‌ಎಲ್‌ಐ ಮೇಲೆ ಟೀಕೆ ಬಂತು. ಸಮುದ್ರದಲ್ಲಿ ಮುಳುಗುವವರು ಯಾರೇ ಆಗಲಿ ಕಾಪಾಡುತ್ತೇವೆ ಎಂದು ಸಂಸ್ಥೆ ಗಟ್ಟಿಯಾಗಿ ನಿಂತಿತು. ಒಂದೇ ದಿನದಲ್ಲಿ ಆನ್‌ಲೈನ್ ಮೂಲಕ 2 ಲಕ್ಷ ಪೌಂಡ್‌ಗೂ ಹೆಚ್ಚು ದೇಣಿಗೆ ಹರಿದುಬಂತು. ಒಪ್ಪಿಗೆಯ ಪಟ್ಟಿಗೂ ಇದಕ್ಕೂ ನೇರ ಸಂಬಂಧ ಇದೆ ಎಂದು ನಾನು ವಾದಿಸುವುದಿಲ್ಲ. ಜನ ಯಾಕೆ ಕೊಡುತ್ತಾರೆ ಅನ್ನುವುದರಲ್ಲಿ ನಮ್ಮ ಹಾಳೆಗೆ ಕಾಣದ ಪಾಲು ಎಷ್ಟು ದೊಡ್ಡದು ಎಂದು ಆ ದಿನ ತೋರಿಸಿತು.

ಉಯಿಲಿನ ವಿಷಯವೂ ಹಾಗೆಯೇ. ಇವತ್ತು ಒಂದು ಪತ್ರಕ್ಕೆ ಸಿಟ್ಟಾದ ದಾನಿ ದೂರು ಕೊಡುವುದಿಲ್ಲ. ಇಪ್ಪತ್ತು ವರ್ಷದ ಮೇಲೆ ಉಯಿಲು ಬರೆಸುವಾಗ ನಮ್ಮ ಹೆಸರು ಹೇಳುವುದಿಲ್ಲ, ಅಷ್ಟೇ. ಈ ನಷ್ಟ ಯಾವ ವರ್ಷದ ಲೆಕ್ಕಪತ್ರದಲ್ಲೂ ಬರುವುದಿಲ್ಲ. ಪತ್ರ ಕಳಿಸಿದವರು ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೋಗಿರುತ್ತಾರೆ.

ನಮ್ಮ ಹಾಳೆಯಲ್ಲಿ

ಇದನ್ನೆಲ್ಲ ಕರ್ನಾಟಕದ ಒಂದು ಸಣ್ಣ ಟ್ರಸ್ಟ್ ಯಾಕೆ ಓದಬೇಕು? ನಮ್ಮ ಹತ್ತಿರ ಇರುವ ಮಾಹಿತಿ ಬ್ರಿಟನ್‌ನವರ ಹತ್ತಿರ ಇದ್ದದ್ದಕ್ಕಿಂತ ಸೂಕ್ಷ್ಮವಾದದ್ದು. ದಾನಿಗಳಿಗೆ 80ಜಿ ಎಂಬ ತೆರಿಗೆ ವಿನಾಯಿತಿ ಸಿಗುವ ಟ್ರಸ್ಟ್‌ಗಳು 2021-22ರ ಆರ್ಥಿಕ ವರ್ಷದಿಂದ ತೆರಿಗೆ ಇಲಾಖೆಗೆ 10ಬಿಡಿ ಎಂಬ ನಮೂನೆ ಸಲ್ಲಿಸಬೇಕಾಯಿತು. ಅದರಲ್ಲಿ ಪ್ರತಿ ದಾನಿಯ ಹೆಸರು, ವಿಳಾಸ, ಪ್ಯಾನ್ ಅಥವಾ ಬೇರೆ ಗುರುತಿನ ಸಂಖ್ಯೆ, ಮೊತ್ತ, ಕೊಟ್ಟ ಬಗೆ ಎಲ್ಲವೂ ಇರಬೇಕು. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಆ ವಿನಾಯಿತಿ ಸಿಗುವುದಿಲ್ಲ. ಹಾಗಾಗಿ ಬ್ಯಾಂಕ್ ವಿವರವೂ ನಮ್ಮ ಕೈಗೆ ಬರುತ್ತದೆ. ಇಷ್ಟೆಲ್ಲ ಇರುವ ಹಾಳೆ ಎಷ್ಟೋ ಕಡೆ ಯಾರದ್ದೋ ಲ್ಯಾಪ್‌ಟಾಪ್‌ನಲ್ಲಿ, ಪಾಸ್‌ವರ್ಡ್ ಇಲ್ಲದೆ ಇರುತ್ತದೆ.

ರಶೀದಿಗೆಂದು ಕೊಟ್ಟ ಪ್ಯಾನ್ ರಶೀದಿಗೇ ಇರಬೇಕು. ಮನವಿ ಕಳಿಸುವ ಹಾಳೆಯಲ್ಲಿ ಅದಕ್ಕೆ ಏನು ಕೆಲಸ? ನಾವು ಮಾಡಿದ ಮೊದಲ ಬದಲಾವಣೆ ಇದೇ. ತೆರಿಗೆಯ ಹಾಳೆಯನ್ನು ಮತ್ತು ಸಂಪರ್ಕದ ಹಾಳೆಯನ್ನು ಬೇರೆ ಮಾಡಿದೆವು. ಮೊದಲನೆಯದನ್ನು ಲೆಕ್ಕ ನೋಡುವವರು ಮಾತ್ರ ತೆರೆಯಬಹುದು.

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಟ್ರಸ್ಟ್‌ಗಳನ್ನು ಇದರಿಂದ ಹೊರಗಿಟ್ಟಿಲ್ಲ. ಅದರಲ್ಲಿ ನನಗೆ ತುಂಬ ಹಿಡಿಸಿದ ಎರಡು ಮಾತಿವೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭ ಇರಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಕೊಡಬೇಕು. ಅಂದರೆ ಕನ್ನಡದಲ್ಲಿ ಕೊಡಿ ಎಂದು ನಮ್ಮ ದಾನಿ ಕೇಳಬಹುದು. ಕೇಳುವ ಮೊದಲೇ ನಾವು ಕೊಡೋಣ.

ಸಂಪರ್ಕದ ಹಾಳೆಗೆ ಸೇರಿಸಿದ ಅಂಕಣಗಳನ್ನೂ ಹೇಳುತ್ತೇನೆ, ಬೇರೆ ಟ್ರಸ್ಟ್‌ಗಳಿಗೆ ಉಪಯೋಗ ಆದೀತು. ಈ ವರ್ಷ ಎಷ್ಟು ಸಲ ಹಣ ಕೇಳಿದ್ದೇವೆ. ಕೊಟ್ಟ ಹಣದಿಂದ ಏನಾಯಿತು ಎಂದು ಯಾವಾಗ ತಿಳಿಸಿದ್ದೇವೆ. ಹೇಗೆ ಸಂಪರ್ಕಿಸಬೇಕು, ಯಾವ ಭಾಷೆಯಲ್ಲಿ. ಯಾವ ಕೆಲಸಕ್ಕೆ ಕೊಟ್ಟರು. ಎರಡನೇ ಅಂಕಣ ಖಾಲಿ ಇದ್ದರೆ ಮೊದಲನೆಯದರಲ್ಲಿ ಸಂಖ್ಯೆ ಏರಿಸುವ ಹಾಗಿಲ್ಲ. ತಿಳಿಸಿದ ಮೇಲೆಯೇ ಮತ್ತೆ ಕೇಳುವುದು. ಮೂರು ಸಂಖ್ಯೆಗಳ ಸೂತ್ರವನ್ನು ನಾವೂ ಬಳಸುತ್ತೇವೆ. ಆದರೆ ಅಂಕ ತೀರಾ ಮೇಲಿರುವ ಹೆಸರುಗಳಿಗೆ ಮನವಿ ಹೋಗುವ ಮೊದಲು ಯಾರಾದರೂ ಒಬ್ಬರು ಫೋನ್ ಮಾಡಿ ಮಾತಾಡುತ್ತಾರೆ. ಆ ಫೋನ್‌ನಲ್ಲಿ ಹಣ ಕೇಳುವುದಿಲ್ಲ.

ಇನ್ನೊಂದು, ಬಹಳ ಜನ ತಪ್ಪುವ ಜಾಗ. ಬೇಡ ಅಂದವರ ಹೆಸರನ್ನು ಹಾಳೆಯಿಂದ ಅಳಿಸಿದರೆ ಸಾಲದು. ಆರು ತಿಂಗಳ ಮೇಲೆ ಯಾವುದೋ ಕಾರ್ಯಕ್ರಮದ ಹಾಜರಿ ಪುಸ್ತಕದಿಂದ ಅದೇ ಹೆಸರು ಮತ್ತೆ ಬಂದು ಸೇರುತ್ತದೆ. ಬೇಡ ಅಂದವರದ್ದೇ ಒಂದು ಸಣ್ಣ ಪಟ್ಟಿ ಇರಬೇಕು. ಹೊಸ ಹೆಸರು ಸೇರಿಸುವ ಮೊದಲು ಅದರ ಜೊತೆ ಹೋಲಿಸಿ ನೋಡಬೇಕು. ತೀರಿಕೊಂಡವರ ಹೆಸರೂ ಅದರಲ್ಲಿ ಇರಬೇಕು. ಹೋದವರ ಹೆಸರಿಗೆ ಹಬ್ಬದ ಮನವಿ ಹೋದರೆ ಆ ಮನೆಯವರಿಗೆ ಹೇಗನ್ನಿಸುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ರಶೀದಿಯ ಕೆಳಗೆ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಒಂದು ಪ್ರಶ್ನೆ ಇದೆ. ನಿಮಗೆ ಎಷ್ಟು ಸಲ ಬರೆಯಲಿ? ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ, ರಶೀದಿ ಮಾತ್ರ ಸಾಕು. ಗುರುತು ಹಾಕದೆ ಬಿಟ್ಟರೆ ರಶೀದಿ ಮಾತ್ರ ಹೋಗುತ್ತದೆ. ಹಳೆಯ ಪುಸ್ತಕಗಳಲ್ಲಿ ಇರುವವರಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳುತ್ತಿದ್ದೇವೆ. ಭಾನುವಾರ ಬೆಳಗ್ಗೆ, ತಿಂಡಿ ಆದ ಮೇಲೆ, ಇಬ್ಬರು ಕೂತು ಮಾಡುತ್ತೇವೆ. ಪುಸ್ತಕ ಇನ್ನೂ ಅರ್ಧ ಉಳಿದಿದೆ.